ಪುತ್ತೂರಿನ ಜಾಯಿಕಾಯಿ, ಮುರುಗಲು ನಂದಿ ತಪ್ಪಲ ಚಳಿ ತಡ್ಕೊಳ್ತಾವಾ? ಈ ಚಳಿಗಾಲ ಅಳತೆ ಇಟ್ಟು ನೋಡ್ತಿದೀನಿ

ತಪ್ಪಲತೋಟ (ನಂದಿ, ಚಿಕ್ಕಬಳ್ಳಾಪುರ) | ಜನವರಿ 7

ಎಲ್ರಿಗೂ ನಮಸ್ಕಾರ. ನಂದಿ ಬೆಟ್ಟದ ತಪ್ಪಲಲ್ಲೇ ನಮ್ಮೂರು. ಮನೆ ಹಿಂದೆ 12 ಗುಂಟೆ ಇದೆ, ಅದ್ರಲ್ಲಿ ವರ್ಷ ಪೂರ್ತಿ ಹಸಿರಾಗಿರೋ ಅಗಲ ಎಲೆ ಗಿಡಗಳನ್ನೇ ಹಾಕ್ಬೇಕು ಅಂತ ಎರಡು ವರ್ಷದಿಂದ ಒಂದೊಂದೇ ನೆಡ್ತಾ ಬಂದಿದೀನಿ. ಬೇಸಿಗೆಲಿ ನಮ್ ಕಡೆ ಎಲ್ಲಿ ನೋಡಿದ್ರೂ ಬೋಳು, ಮನೆ ಸುತ್ತ ಆದ್ರೂ ನೆರಳಿರ್ಲಿ ಅಂತ. ಹಲಸು, ನೇರಳೆ, ಸಂಪಿಗೆ, ರಂಜ ಚೆನ್ನಾಗಿವೆ. ತೊಂದ್ರೆ ಇರೋದು ನನ್ನ ಹೆಂಡತಿ ತವರು ಪುತ್ತೂರಿಂದ ತಂದ ಗಿಡಗಳದ್ದು. ಮುರುಗಲು ಎರಡು, ಜಾಯಿಕಾಯಿ ಒಂದು, ದೀವಿಹಲಸು ಒಂದು, ಕೋಕೋ ಒಂದು. ಇವಲ್ದೆ ಇಲ್ಲೇ ನರ್ಸರಿಲಿ ತಗೊಂಡ ಬೆಣ್ಣೆಹಣ್ಣಿನ ಕಸಿ ಗಿಡ ಎರಡು.

ಜಾಯಿಕಾಯಿ ಗಿಡ ನಮ್ಮ ಮಾವನೋರು ಕೈಯಾರೆ ಬೀಜ ಹಾಕಿ ಎಬ್ಬಿಸಿದ್ದು. ಅವ್ರು ಈಗಿಲ್ಲ. ಅವ್ರ ಕೈ ಗಿಡ ಅಂತ ನಮ್ಮನೇಲಿ ಇರೋದು ಅದೊಂದೇ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಡಿಸೆಂಬರ್ ಶುರುವಿಗೆ ಮೂರು ಥರ್ಮಾಮೀಟರ್ ತಂದು ಹಾಕಿದೆ, ರಾತ್ರಿ ಅತಿ ಕಡಿಮೆ ಎಷ್ಟಾಯ್ತು ಅಂತ ನೆನಪಿಟ್ಕೊಳ್ಳೋ ಥರದ್ದು. ಒಂದು ಜಗಲಿ ಗೋಡೆಗೆ, ಒಂದು ದನದ ಕೊಟ್ಟಿಗೆ ಪಕ್ಕ, ಇನ್ನೊಂದು ತೋಟದ ತಗ್ಗಿನ ಮೂಲೆಲಿ, ಅಲ್ಲಿಂದಾಚೆ ಕೆರೆ ಅಂಗಳ. ಜನವರಿ 4ನೇ ತಾರೀಕು ಬೆಳಗ್ಗೆ ಫೋನಲ್ಲಿ 13 ಡಿಗ್ರಿ ತೋರಿಸ್ತಿತ್ತು. ಜಗಲಿಲಿ 13.5, ಕೊಟ್ಟಿಗೆ ಹತ್ರ 12, ತಗ್ಗಿನ ಮೂಲೆಲಿ 8.5! ಅದೇ ವಾರದಲ್ಲಿ ಆ ಮೂಲೆಲಿರೋ ಜಾಯಿಕಾಯಿ ಎಲೆ ಕಂದು ತಿರುಗಿ ಉದುರೋಕೆ ಶುರುವಾಯ್ತು, ಕೋಕೋ ಎಲೆ ಸುಟ್ಟಂಗಾಗಿದೆ, ದೀವಿಹಲಸಿನ ತುದಿ ಕಪ್ಪಾಗಿದೆ. ಮುರುಗಲು ಒಂದು ಕೊಟ್ಟಿಗೆ ಹತ್ರ ಇದೆ, ಅದಕ್ಕೇನೂ ಆಗಿಲ್ಲ. ತಗ್ಗಲ್ಲಿರೋದ್ರ ಎಳೆ ಎಲೆ ಎಲ್ಲ ಒಣಗಿವೆ. ಒಂದೇ ದಿನ ತಂದಿದ್ದು, ಒಂದೇ ಗೊಬ್ಬರ, ಒಂದೇ ಡ್ರಿಪ್ ಲೈನು.

ಇದು ಚಳಿನೇನಾ? ಕಿತ್ತು ಬೇರೆ ಕಡೆ ಹಾಕ್ಲಾ, ಇಲ್ಲ ಹಾಗೇ ಬಿಡ್ಲಾ?

ನರ್ಸರಿಹುಡ್ಗ (ಚಿಂತಾಮಣಿ) | ಜನವರಿ 7

ಅಣ್ಣ ಮೊದಲು ಎಲೆ ಫೋಟೋ ಹಾಕಿ, ಮೇಲ್ಭಾಗ ಕೆಳಭಾಗ ಎರಡೂ.

ಶ್ರೀನಿವಾಸಪುರ ಮಾವು | ಜನವರಿ 7

ಚಳಿನ ಬೈಯ್ಬೇಡಿ ಸ್ವಾಮಿ. ರಾತ್ರಿ 15 ಡಿಗ್ರಿ ಕೆಳಗೆ ಒಂದಷ್ಟು ದಿನ ಇಳಿದ್ರೇನೇ ನಮ್ಮ ಮಾವಿಗೆ ಹೂವು. ಚಳಿ ಸರಿಯಾಗಿ ಬೀಳ್ದಿದ್ದ ವರ್ಷ ಮರ ತುಂಬ ಚಿಗುರು ಬರುತ್ತೆ, ಹೂವು ಇರಲ್ಲ, ನಾವು ತಲೆ ಮೇಲೆ ಕೈ ಇಟ್ಕೊಂಡು ಕೂರ್ಬೇಕು. ಮಾವೂ ಹಸಿರೆಲೆ ಮರನೇ, ವರ್ಷ ಪೂರ್ತಿ ಎಲೆ ಇರುತ್ತೆ, ಅದಕ್ಕೆ ಈ ಚಳಿ ಲೆಕ್ಕಕ್ಕೇ ಇಲ್ಲ. ಕರಾವಳಿ ಗಿಡನ ಇಲ್ಲಿಗೆ ತಂದು ಯಾಕೆ ಹಿಂಸೆ ಕೊಡ್ತೀರಾ, ನಮ್ ಕಡೆ ಮರ ಹಾಕಿ.

ಟೆರೇಸ್ ತುಮಕೂರು | ಜನವರಿ 7

ಮಾವಿನವ್ರೇ, ಅವ್ರ ಮಾವನೋರ ಕೈ ಗಿಡ ಅಂತ ಹೇಳಿದಾರಲ್ಲ, ಯಾಕೆ ಹಾಕಿದ್ರಿ ಅಂತ ಕೇಳೋ ಪ್ರಶ್ನೆನೇ ಬರಲ್ಲ.

ನಮ್ಮ ತಾರಸಿ ಮೇಲೆ ಕರಿಬೇವು ಪ್ರತಿ ಡಿಸೆಂಬರಲ್ಲೂ ಹಳದಿಯಾಗಿ ಅರ್ಧ ಎಲೆ ಉದುರಿಸುತ್ತೆ. ಮೊದಲ ವರ್ಷ ಗಾಬರಿಯಾಗಿ ಗೊಬ್ಬರದ ಮೇಲೆ ಗೊಬ್ಬರ ಹಾಕಿ ಸಾಯಿಸ್ಬಿಟ್ಟೆ. ಈಗ ನೀರು ಕಮ್ಮಿ ಮಾಡಿ ಸುಮ್ನಿರ್ತೀನಿ, ಶಿವರಾತ್ರಿ ಕಳೀತಿದ್ದಂಗೆ ತಾನೇ ಚಿಗುರುತ್ತೆ. ದಾಸವಾಳದ ಮೊಗ್ಗೂ ಚಳಿಗೆ ಉದುರ್ತವೆ, ಸೀಬೆ ಎಲೆ ಕೆಂಪು ತಿರುಗುತ್ತೆ. ಅದ್ಯಾವ್ದೂ ಸಾಯೋ ಲಕ್ಷಣ ಅಲ್ಲ.

ಕೆರೆಕೋಡಿ ಮೇಷ್ಟ್ರು (ಕೋಲಾರ) | ಜನವರಿ 8

ತಪ್ಪಲತೋಟದವ್ರೇ, ಮೂರು ಕಡೆ ಅಳತೆ ಇಟ್ಟಿದ್ದು ನೋಡಿ ತುಂಬಾ ಸಂತೋಷ ಆಯ್ತು. 30 ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಟ್ಟೋನು ನಾನು, ಒಂದೇ ತೋಟದಲ್ಲಿ 5 ಡಿಗ್ರಿ ವ್ಯತ್ಯಾಸ ಹೇಗೆ ಅಂತ ಹೇಳ್ತೀನಿ ಕೇಳಿ.

ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲ ತನ್ನ ಶಾಖನೆಲ್ಲ ಆಕಾಶಕ್ಕೆ ಬಿಟ್ಕೊಡುತ್ತೆ. ನೆಲ ತಣ್ಣಗಾಗುತ್ತೆ, ನೆಲಕ್ಕೆ ತಾಗಿದ ಗಾಳಿನೂ ತಣ್ಣಗಾಗುತ್ತೆ, ತಣ್ಣನೆ ಗಾಳಿ ಭಾರ. ಅದು ನೀರಿನ ಹಾಗೇ ಇಳಿಜಾರಲ್ಲಿ ಹರಿದು ತಗ್ಗಲ್ಲಿ ನಿಲ್ಲುತ್ತೆ. ನಿಮ್ಮ ಮೂಲೆ ಕೆರೆ ಅಂಗಳದ ಕಡೆ ಅಂದ್ರಲ್ಲ, ಬೆಟ್ಟದಿಂದ ಇಳಿದ ತಣ್ಣನೆ ಗಾಳಿ ಬಂದು ಕೂರೋ ಜಾಗ ಅದೇ. ಬೆಳಗ್ಗೆ ಸೂರ್ಯೋದಯ ನೋಡೋಕೆ ನಂದಿ ಮೇಲೆ ಹೋದೋರಿಗೆ ಕೆಳಗೆ ಮಂಜು ಹಾಲಿನ ಹಾಗೆ ನಿಂತಿರೋದು ಕಾಣುತ್ತಲ್ಲ? ಆ ಹಾಲಿನ ಒಳಗೆ ನಿಮ್ಮ ಜಾಯಿಕಾಯಿ ನಿಂತಿದೆ. ಬೆಟ್ಟ 1478 ಮೀಟರ್ ಎತ್ತರ, ಹಗಲಲ್ಲಿ ಮೇಲೆ ಹೋದಷ್ಟೂ ತಂಪು, ಆದ್ರೆ ಇಂಥ ರಾತ್ರಿ ಬುಡಕ್ಕಿಂತ ನಡು ಇಳಿಜಾರೇ ಬೆಚ್ಚಗಿರುತ್ತೆ.

ಇನ್ನೊಂದು. ಹವಾಮಾನ ಇಲಾಖೆಯವ್ರು ಅಳೆಯೋದು ನಾಲ್ಕು ಅಡಿಗೂ ಸ್ವಲ್ಪ ಮೇಲೆ, ನೆರಳಿರೋ ಬಿಳಿ ಪೆಟ್ಟಿಗೆ ಒಳಗೆ. ತೆರೆದ ಆಕಾಶದ ಕೆಳಗಿರೋ ಎಲೆ ಅದಕ್ಕಿಂತ ಇನ್ನೂ ಒಂದೆರಡು ಡಿಗ್ರಿ ತಣ್ಣಗಿರುತ್ತೆ. ಅಂದ್ರೆ ನಿಮ್ಮ ಎಲೆಗೆ ಬಿದ್ದಿದ್ದು 8.5 ಅಲ್ಲ, 7 ಇರಬೋದು.

ನರ್ಸರಿಹುಡ್ಗ | ಜನವರಿ 8

ಮೇಷ್ಟ್ರೇ ನೀವು ಹೇಳಿದ್ದು ಸರಿ, ಆದ್ರೆ 8 ಡಿಗ್ರಿಗೆ ನೀರು ಹೆಪ್ಪುಗಟ್ಟಲ್ಲ, ಹೆಪ್ಪುಗಟ್ಟದೆ ಎಲೆ ಹೇಗೆ ಸುಡುತ್ತೆ? ನಮ್ಮ ನರ್ಸರಿಗೆ ಬರೋ ಕಂಪ್ಲೇಂಟಲ್ಲಿ ಮುಕ್ಕಾಲು ಪಾಲು ನೀರಿನ ತಪ್ಪು. ಚಳಿಗಾಲದಲ್ಲೂ ಬೇಸಿಗೆ ಥರನೇ ಡ್ರಿಪ್ ಬಿಟ್ಟು ಬೇರು ಕೊಳೆಸ್ತಾರೆ, ಆಮೇಲೆ ಚಳಿ ಮೇಲೆ ಹಾಕ್ತಾರೆ.

ಕೆರೆಕೋಡಿ ಮೇಷ್ಟ್ರು | ಜನವರಿ 8

ಹೆಪ್ಪುಗಟ್ಟೋ ಅಗತ್ಯನೇ ಇಲ್ಲಪ್ಪ. ಉಷ್ಣವಲಯದ ಗಿಡಗಳಿಗೆ 10-12 ಡಿಗ್ರಿ ಕೆಳಗೆ ಹೋದ್ರೇ ಸಾಕು, ಜೀವಕೋಶದ ಪೊರೆಲಿರೋ ಕೊಬ್ಬು ಗಟ್ಟಿಯಾಗಿ ಪೊರೆ ಸೋರೋಕೆ ಶುರುವಾಗುತ್ತೆ. ಚಳೀಲಿ ಕೊಬ್ಬರಿ ಎಣ್ಣೆ ಡಬ್ಬಿಲಿ ಗಟ್ಟಿಯಾಗಲ್ವ, ಸುಮಾರು ಹಾಗೇ ಅನ್ಕೊ. ಬಾಳೆಹಣ್ಣು ಫ್ರಿಜ್ಜಲ್ಲಿಟ್ರೆ ಸಿಪ್ಪೆ ಕಪ್ಪಾಗೋದೂ ಇದೇ ಕಾರಣಕ್ಕೆ, ಫ್ರಿಜ್ಜಲ್ಲೇನು ಬಾಳೆಹಣ್ಣು ಹೆಪ್ಪುಗಟ್ಟಿರುತ್ತಾ?

ಜೊತೆಗೆ ಮಣ್ಣು ತಣ್ಣಗಾದ್ರೆ ಬೇರು ನೀರು ಎಳೆಯೋದು ಕಮ್ಮಿ ಮಾಡುತ್ತೆ. ಮೇಲೆ ಬಿಸಿಲು ಬಿತ್ತು, ಎಲೆ ನೀರು ಬಿಡ್ತಾ ಇದೆ, ಕೆಳಗಿಂದ ಬರ್ತಿಲ್ಲ. ಬುಡ ಒದ್ದೆ ಇದ್ರೂ ಬೆಳಗ್ಗೆ 9 ಗಂಟೆಗೆ ಗಿಡ ಬಾಡಿರುತ್ತೆ. ಅದನ್ನ ನೋಡಿ ಜನ ಇನ್ನಷ್ಟು ನೀರು ಬಿಡ್ತಾರೆ. ಬೇರು ಕೊಳೆಯೋದು ಅಲ್ಲಿಂದ. ಹಾಗಾಗಿ ನೀನು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ.

ತಪ್ಪಲತೋಟ | ಜನವರಿ 8

ಮೇಷ್ಟ್ರೇ ನೀವು ನಮ್ಮ ತೋಟ ನೋಡಿ ಬರೆದಂಗಿದೆ. 9 ಗಂಟೆಗೆ ಬಾಡಿರುತ್ತೆ ಅಂದ್ರಲ್ಲ, ಮೊನ್ನೆ ಭಾನುವಾರ ಅದನ್ನೇ ನೋಡಿದ್ದು. ಇಬ್ಬನಿ ಇನ್ನೂ ಆರಿರ್ಲಿಲ್ಲ, ಎಲೆ ತುದಿಲಿ ಹನಿ ನೇತಾಡ್ತಿತ್ತು, ಅದೇ ಎಲೆ ಕೈಯಲ್ಲಿ ಹಿಡಿದ್ರೆ ಜೋಲು. ನಾನೂ ಎರಡು ಕೊಡ ನೀರು ಹಾಕ್ಬಿಟ್ಟೆ. ಫೋಟೋ ಹಾಕಿದೀನಿ ನೋಡಿ.

ನರ್ಸರಿಹುಡ್ಗ | ಜನವರಿ 8

ನೋಡ್ದೆ ಅಣ್ಣ. ಕೋಕೋ ಮತ್ತೆ ದೀವಿಹಲಸು ಚಳಿನೇ, ಎಳೆ ಎಲೆ ಒಟ್ಟಿಗೆ ಕಪ್ಪಾಗಿದೆ, ಹಳೆ ಎಲೆಲಿ ನೀರು ಕುಡಿದಂಥ ಮಚ್ಚೆ ಬಂದು ಆಮೇಲೆ ಕಂದಾಗಿದೆ. ಆದ್ರೆ ಬೆಣ್ಣೆಹಣ್ಣಿಂದು ಬೇರೆ ಕಥೆ. ಎಲೆ ತುದಿ, ಅಂಚು ಮಾತ್ರ ಗೆರೆ ಎಳೆದಂಗೆ ಸುಟ್ಟಿದೆ, ಒಳಗೆಲ್ಲ ಹಸಿರು. ಅದು ಬೋರ್ ನೀರಿನ ಉಪ್ಪು. ನಮ್ ಜಿಲ್ಲೆಲಿ ಬೋರು ಆಳಕ್ಕೆ ಹೋದಷ್ಟೂ ನೀರಲ್ಲಿ ಉಪ್ಪು, ಫ್ಲೋರೈಡು, ಬೆಣ್ಣೆಹಣ್ಣಿಗೆ ಉಪ್ಪು ಕಂಡ್ರೆ ಆಗಲ್ಲ. ನಿಮ್ಮ ಬೋರು ಎಷ್ಟು ಅಡಿ?

ತಪ್ಪಲತೋಟ | ಜನವರಿ 8

1150 ಅಡಿ. ಕುದಿಸಿದ್ರೆ ಪಾತ್ರೆ ತಳದಲ್ಲಿ ಬಿಳಿ ಕಟ್ಟುತ್ತೆ.

ನರ್ಸರಿಹುಡ್ಗ | ಜನವರಿ 8

ಹಂಗಾದ್ರೆ ಅದೇ. ಮಳೆ ನೀರು ಹಿಡಿದಿಟ್ಕೊಂಡು ಅದಕ್ಕೆ ಕೊಡಿ, ಆಗ್ದಿದ್ರೆ ದಿನಾ ಚೂರು ಚೂರು ಬಿಡೋ ಬದ್ಲು ವಾರಕ್ಕೊಂದ್ಸಲ ಬುಡ ತುಂಬ ಕೊಟ್ಟು ಉಪ್ಪು ಕೆಳಗಿಳಿಸಿ. ನೀರು, ಮಣ್ಣು ಎರಡೂ ಕುರುಬೂರು ಕೃಷಿ ವಿಜ್ಞಾನ ಕೇಂದ್ರಕ್ಕೆ ತಗೊಂಡೋಗಿ ತೋರಿಸಿ. ಅಂದಹಾಗೆ ಬೆಣ್ಣೆಹಣ್ಣಲ್ಲಿ ಮೂರು ಕುಲ ಇದಾವೆ, ಮೆಕ್ಸಿಕೋದ್ದು ಸೊನ್ನೆಗಿಂತ ಕೆಳಗೆ ನಾಲ್ಕೈದು ಡಿಗ್ರಿ ಆದ್ರೂ ತಡ್ಕೊಳ್ಳುತ್ತೆ, ವೆಸ್ಟ್ ಇಂಡೀಸಿಂದು ಬಲು ಸೂಕ್ಷ್ಮ. ಯಾವ ಕಸಿ ಅಂತ ಕೇಳದೆ ತಗೋಬೇಡಿ. ನಮ್ಮ ಚಳಿಗೆ ಹಾಸ್ ಅನ್ನೋ ತಳಿ ಹೆದರಲ್ಲ.

ಅವರೆಮನೆ | ಜನವರಿ 9

ಈ ಇಬ್ಬನಿ ಬಿದ್ರೇನೇ ಅವರೆಗೆ ಸೊಗಡು. ಚಿಕ್ಕಬಳ್ಳಾಪುರ ಸಂತೇಲಿ ಈಗ ಸೊಗಡಿನ ಕಾಯಿ ಬರ್ತಿದ್ಯಾ ಯಾರಾದ್ರೂ ಹೇಳಿ, ಹಿದಕಬೇಳೆಗೆ ಬೇಕಿತ್ತು.

ಶ್ರೀನಿವಾಸಪುರ ಮಾವು | ಜನವರಿ 9

ನಮ್ ಕಡೆ ಮಣಿ ತುಂಬಿದ ಕಾಯಿ ಬಂದಿದೆ. ಕೈ ಅಂಟು ಅಂಟಾಗಿ ವಾಸನೆ ಹಿಡ್ಕೊಬೇಕು, ಹಂಗಿದ್ರೆ ತಗೊಳ್ಳಿ.

ಹಲಸಿನಮನೆ (ಚೇಳೂರು, ಗುಬ್ಬಿ ತಾಲ್ಲೂಕು) | ಜನವರಿ 9

ನಮ್ದು ಹಲಸಿನ ಊರು. ನಮ್ಮಜ್ಜಿ ಕಾಲದಿಂದ್ಲೂ ಎಳೆ ಹಲಸಿನ ಗಿಡಕ್ಕೆ ಮೊದಲ ಎರಡು ಚಳಿಗಾಲ ಗರಿ ಕಟ್ತೀವಿ. ಮೂರು ಗೂಟ ನೆಟ್ಟು, ಮೇಲಿಂದ ತೆಂಗಿನ ಗರಿ ಇಳಿಬಿಟ್ಟು ಗುಡಿಸಲು ಥರ, ಮೂಡಲ ಕಡೆ ದಟ್ಟವಾಗಿ, ಪಡುವಲ ಕಡೆ ತೆರೆದು. ಬುಡಕ್ಕೆ ರಾಗಿ ಹುಲ್ಲು ಒಂದು ಗೇಣು ದಪ್ಪ, ಕಾಂಡಕ್ಕೆ ತಾಗದಂಗೆ. ಮೂಡಲ ಕಡೆ ಯಾಕಜ್ಜಿ ಅಂತ ಕೇಳಿದ್ರೆ ಎಳೆ ಬಿಸಿಲು ಹೊಡೆದ್ರೆ ಎಲೆ ಬೇಯುತ್ತೆ ಅಂತಿದ್ಲು. ಯಾಕೆ ಅಂತ ನಮಗೂ ಗೊತ್ತಿರ್ಲಿಲ್ಲ, ಮಾಡ್ತಾ ಬಂದಿದೀವಿ, ಒಂದು ಗಿಡನೂ ಹೋಗಿಲ್ಲ. ಎರಡು ವರ್ಷ ಕಳೆದ್ರೆ ಹಲಸಿಗೆ ಏನೂ ಬೇಡ. ನಿಮ್ ತಗ್ಗಿನ ಮೂಲೆಗೆ ಬೆಳಗ್ಗೆ ಮೊದಲ ಬಿಸಿಲು ಬೀಳುತ್ತಾ ನೋಡಿ.

ಸಂಜೆ ಹೊತ್ತು ಹೊಗೆನೂ ಹಾಕ್ತಿದ್ರು, ನಾನು ಹಾಕಲ್ಲ.

ಶಿಡ್ಲಘಟ್ಟದವಳು (ಈಗ ನ್ಯೂಜೆರ್ಸಿ) | ಜನವರಿ 9

ಹಲಸಿನಮನೆ ಅಣ್ಣ, ನಿಮ್ಮ ಅಜ್ಜಿ ಮಾತು ಓದಿ ಮೈ ಜುಮ್ ಅಂತು. ಇಲ್ಲಿ ಕ್ಯಾಮೆಲಿಯ ಅನ್ನೋ ಹಸಿರೆಲೆ ಹೂಗಿಡ ಹಾಕೋರಿಗೆ ಮೊದಲು ಹೇಳ್ಕೊಡೋ ಪಾಠನೇ ಅದು, ಪೂರ್ವದ ಬಿಸಿಲಿಗೆ ಇಡ್ಬೇಡಿ ಅಂತ. ರಾತ್ರಿ ತಣ್ಣಗಾಗಿರೋ ಎಲೆಗೆ ಬೆಳಗಿನ ಬಿಸಿಲು ನೇರ ಬಿದ್ರೆ ಎಲೆಗೆ ಬೆಳಕು ಬಳಸ್ಕೊಳ್ಳೋ ಶಕ್ತಿ ಇನ್ನೂ ಬಂದಿರಲ್ಲ, ಆ ಬೆಳಕೇ ಸುಡುತ್ತೆ.

ನಾನು ಹುಟ್ಟಿದ್ದು ಶಿಡ್ಲಘಟ್ಟ, ಇಲ್ಲಿಗೆ ಬಂದು 14 ವರ್ಷ. ಊರಲ್ಲಿ ವರ್ಷವಿಡೀ ಹಸಿರು ನೋಡಿದ ಕಣ್ಣಿಗೆ ಇಲ್ಲಿಯ ಡಿಸೆಂಬರ್ ತಡೆಯೋಕಾಗ್ಲಿಲ್ಲ, ಎಲ್ಲ ಮರನೂ ಕಡ್ಡಿ. ಅದಕ್ಕೇ ನಾನೂ ಹಸಿರೆಲೆ ಗಿಡಗಳ ಹುಚ್ಚು ಹಚ್ಕೊಂಡೆ. ರೋಡೋಡೆಂಡ್ರನ್, ಹಾಲಿ, ಕ್ಯಾಮೆಲಿಯ, ಚೆರ್ರಿ ಲಾರೆಲ್, ಮ್ಯಾಗ್ನೋಲಿಯ. ಮ್ಯಾಗ್ನೋಲಿಯ ಅಂದ್ರೆ ನಮ್ಮ ಸಂಪಿಗೆ ಮನೆತನದ್ದೇ, ಎಲೆ ಹಲಸಿನ ಎಲೆ ಥರ ಹೊಳೆಯುತ್ತೆ. ಇಲ್ಲಿ ಚಳಿ ಅಂದ್ರೆ ಸೊನ್ನೆಗಿಂತ ಕೆಳಗೆ 12, 15. ಅಷ್ಟರಲ್ಲೂ ಎಲೆ ಉದುರಿಸದೆ ನಿಲ್ಲೋ ಗಿಡ ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ.

ರೋಡೋಡೆಂಡ್ರನ್ ನನ್ನ ಥರ್ಮಾಮೀಟರ್. ಸೊನ್ನೆ ಹತ್ರ ಬಂದಾಗ ಎಲೆ ಕೆಳಗೆ ಜೋತು ಬೀಳುತ್ತೆ, ಇನ್ನೂ ಇಳಿದ್ರೆ ಸುರುಳಿ ಸುತ್ಕೊಳ್ಳೋಕೆ ಶುರು, ಸೊನ್ನೆಗಿಂತ 7 ಕೆಳಗೆ ಹೋದ್ರೆ ಬೀಡಿ ಸುತ್ತಿದಂಗೆ ಬಿಗಿಯಾಗಿರುತ್ತೆ. ಅಡುಗೆಮನೆ ಕಿಟಕಿಲಿ ನೋಡಿ ಮಕ್ಕಳಿಗೆ ಎಷ್ಟು ಸ್ವೆಟರ್ ಅಂತ ತೀರ್ಮಾನ ಮಾಡ್ತೀನಿ. ಬಿಸಿಲೇರಿದ್ರೆ ಮತ್ತೆ ಬಿಚ್ಕೊಳ್ಳುತ್ತೆ. ಜೋತು ಬಿದ್ದಿದ್ದು ರೋಗ ಅಲ್ಲ, ಅದು ತನ್ನನ್ನ ತಾನು ಕಾಪಾಡ್ಕೊಳ್ಳೋ ರೀತಿ.

ಇಲ್ಲೂ ಹಸಿರೆಲೆ ಗಿಡಗಳನ್ನ ಹೆಚ್ಚಾಗಿ ಸಾಯಿಸೋದು ಒಣಗೋದು. ನೆಲ ಕಲ್ಲಾಗಿರುತ್ತೆ, ಬೇರಿಗೆ ನೀರಿಲ್ಲ, ಮೇಲೆ ಬಿಸಿಲು ಗಾಳಿ. ಮೇಷ್ಟ್ರು ಹೇಳಿದ ಅದೇ ಲೆಕ್ಕ, ಡಿಗ್ರಿ ಮಾತ್ರ ಬೇರೆ. ಅದಕ್ಕೇ ನಾವು ಗಾಳಿ ಬರೋ ಕಡೆ ಗೂಟ ನೆಟ್ಟು ಗೋಣಿ ಬಟ್ಟೆ ಕಟ್ತೀವಿ, ನೆಲ ಹೆಪ್ಪುಗಟ್ಟೋಕೆ ಮುಂಚೆ ಬುಡಕ್ಕೆ ಚೆನ್ನಾಗಿ ನೀರು ಕೊಟ್ಟು ಮರದ ಚೂರು ಹಾಸ್ತೀವಿ.

ಟೆರೇಸ್ ತುಮಕೂರು | ಜನವರಿ 9

ಅಕ್ಕ, ಯಾವ ಗಿಡ ಚಳಿ ತಡ್ಕೊಳ್ಳುತ್ತೆ ಅಂತ ಅಲ್ಲಿ ಮೊದಲೇ ಗೊತ್ತಾಗುತ್ತಾ?

ಶಿಡ್ಲಘಟ್ಟದವಳು | ಜನವರಿ 10

ಒಂದು ನಕ್ಷೆ ಇದೆ, ಪ್ರತಿ ಊರಲ್ಲಿ ವರ್ಷದ ಅತಿ ಕಡಿಮೆ ಉಷ್ಣತೆಯ ಸರಾಸರಿ ತಗೊಂಡು ವಲಯ ಮಾಡಿದಾರೆ, 2023ರಲ್ಲಿ ಹೊಸದಾಗಿ ಬಂತು. ಆದ್ರೆ ಅದು ಸರಾಸರಿ ಅಷ್ಟೇ. 2022ರ ಕ್ರಿಸ್‌ಮಸ್ ಹಿಂದಿನ ದಿನಗಳಲ್ಲಿ ಇಲ್ಲಿ ಬೆಳಗ್ಗೆ 10 ಡಿಗ್ರಿ ಮೇಲಿದ್ದಿದ್ದು ರಾತ್ರಿ ಹೊತ್ತಿಗೆ ಸೊನ್ನೆಗಿಂತ 10ಕ್ಕೂ ಕೆಳಗೆ ಬಿತ್ತು. ಅದಕ್ಕಿಂತ ಹೆಚ್ಚು ಚಳಿ ಕಂಡಿದ್ದ ಲಾರೆಲ್ ಬೇಲಿ ಪೂರ್ತಿ ಕಂದಾಯ್ತು. ನಿಧಾನಕ್ಕೆ ಚಳಿ ಏರಿದ್ರೆ ಗಿಡ ಮೈ ಗಟ್ಟಿ ಮಾಡ್ಕೊಳ್ಳುತ್ತೆ, ಒಂದೇ ಏಟಿಗೆ ಬಿದ್ರೆ ತಡ್ಕೊಳ್ಳೋಕಾಗಲ್ಲ.

ನನಗೆ ತುಂಬಾ ಇಷ್ಟದ ಒಂದು ವಿಷಯ ಹೇಳ್ತೀನಿ. ವಾಷಿಂಗ್ಟನ್‌ನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಸಾವಿರದ ಹತ್ರ ಕ್ಯಾಮೆಲಿಯ ಗಿಡ ಇದ್ವಂತೆ. 1970ರ ದಶಕದ ಕೊನೇಲಿ ಸಾಲಾಗಿ ಬಂದ ಕಡು ಚಳಿಗಾಲಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಹೋದ್ವು, ಬೆರಳೆಣಿಕೆಯಷ್ಟು ಉಳಿದ್ವು. ಅದ್ರಲ್ಲಿ ಚೀನಾದಲ್ಲಿ ಬೀಜದಿಂದ ಅಡುಗೆ ಎಣ್ಣೆ ತೆಗೆಯೋ ಒಂದು ಕ್ಯಾಮೆಲಿಯ ಜಾತಿ ಚಳಿಗೆ ಬಗ್ಗಲಿಲ್ಲ. ಅಲ್ಲಿನ ವಿಜ್ಞಾನಿ ವಿಲಿಯಂ ಆಕರ್‌ಮನ್ ಅದನ್ನ ಬೇರೆ ಕ್ಯಾಮೆಲಿಯಗಳ ಜೊತೆ ಸೇರಿಸಿ ಚಳಿ ತಡೆಯೋ ಹೊಸ ತಳಿಗಳನ್ನ ಮಾಡಿದ್ರು. ನನ್ನ ಅಂಗಳದಲ್ಲಿರೋ ಬಿಳಿ ಹೂವಿನ ಗಿಡ ಆ ಸಂತತಿದು. ಸತ್ತ ಗಿಡದ ಲೆಕ್ಕ ಬರೆದಿಟ್ಟಿದ್ದಕ್ಕೇ ಉಳಿದದ್ದು ಯಾವುದು ಅಂತ ಗೊತ್ತಾಗಿದ್ದು. ತಪ್ಪಲತೋಟ ಅಣ್ಣ, ನಿಮ್ಮ ಮೂರು ಥರ್ಮಾಮೀಟರ್ ಲೆಕ್ಕ ದಯವಿಟ್ಟು ನಿಲ್ಲಿಸ್ಬೇಡಿ.

ಗೂಡುಮಾರ್ಕೆಟ್ | ಜನವರಿ 10

ಶಿಡ್ಲಘಟ್ಟದಲ್ಲಿ ಯಾವ ಬೀದಿ ಅಕ್ಕ? ನಮ್ದೂ ಅಲ್ಲೇ, ರೀಲಿಂಗ್ ಮಾಡ್ತೀವಿ. ಚಳೀಲಿ ಹಿಪ್ಪುನೇರಳೆ ಸೊಪ್ಪು ಏಳೋದೇ ಇಲ್ಲ, ಹುಳ ಮನೆಗೆ ಕೆಂಡ ಇಟ್ಟು ಬೆಚ್ಚಗೆ ಮಾಡ್ಬೇಕು.

ಶ್ರೀನಿವಾಸಪುರ ಮಾವು | ಜನವರಿ 10

ಹಸಿರೆಲೆ ಮರ ಚಳಿ ತಡೆಯೋದು ಅಂತ ಮಾತು ಬಂತು ಅಂದ್ರೆ ನಂದಿ ಮೇಲಿನ ನೀಲಗಿರಿ ನೆನಪಾಗುತ್ತೆ. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ಆಸ್ಟ್ರೇಲಿಯಾದ ಬೀಜ ತಂದು ಅಲ್ಲಿ ಹಾಕಿದ್ದು ಅಂತ ಹೇಳ್ತಾರೆ. ಚಳಿ ತಡೀತು, ಬರ ತಡೀತು, ಆಮೇಲೆ ನಮ್ ಬಯಲು ಸೀಮೆ ತುಂಬ ಹರಡ್ತು.

ಹಲಸಿನಮನೆ | ಜನವರಿ 10

ಹರಡಿ ನೀರೆಲ್ಲ ಹೀರ್ತು ಅದನ್ನೂ ಹೇಳಿ. 2017ರಲ್ಲಿ ಸರ್ಕಾರನೇ ಹೊಸದಾಗಿ ನೆಡಬಾರ್ದು ಅಂತ ನಿಷೇಧ ಮಾಡ್ತು. ಯಾವ ಗಿಡ ಬದುಕುತ್ತೆ ಅನ್ನೋದು ಒಂದು ಪ್ರಶ್ನೆ, ಬದುಕಿ ಪಕ್ಕದೋರನ್ನ ಬದುಕೋಕೆ ಬಿಡುತ್ತಾ ಅನ್ನೋದು ಇನ್ನೊಂದು.

ಶ್ರೀನಿವಾಸಪುರ ಮಾವು | ಜನವರಿ 10

ಬೋರು ಬತ್ತಿದ್ದಕ್ಕೆ ಬರೀ ನೀಲಗಿರಿನೇ ಕಾರಣ ಅಲ್ಲ, ಊರಿಗೆ ಮುನ್ನೂರು ಬೋರು ಕೊರೆದಿದ್ದು ಯಾರು? ಅದು ಬೇರೆ ಚರ್ಚೆ, ಇಲ್ಲಿ ಬೇಡ.

ತಪ್ಪಲತೋಟ | ಜನವರಿ 10

ದಯವಿಟ್ಟು ನೀಲಗಿರಿ ಬೇಡ ಅಣ್ಣಂದಿರೇ. ಹಲಸಿನಮನೆಯವ್ರು ಕೇಳಿದ್ದನ್ನ ಇವತ್ತು ಎದ್ದು ನೋಡ್ದೆ. ತಗ್ಗಿನ ಮೂಲೆಗೆ 6.50ಕ್ಕೇ ಮೊದಲ ಬಿಸಿಲು. ಕೊಟ್ಟಿಗೆ ಪಕ್ಕದ ಮುರುಗಲಿಗೆ ಗೋಡೆ ಅಡ್ಡ ಇರೋದ್ರಿಂದ ಒಂಬತ್ತೂವರೆ ತನಕ ಬಿಸಿಲೇ ಇಲ್ಲ. ದನಗಳ ಉಸಿರು, ಗೋಡೆ ಕಾವು ಬೇರೆ. ಈಗ ಜಾಯಿಕಾಯಿನ ಅಲ್ಲಿಗೆ ಸಾಗಿಸ್ಲಾ?

ನರ್ಸರಿಹುಡ್ಗ | ಜನವರಿ 10

ಬೇಡ ಬೇಡ ಬೇಡ. ಈಗ ಬೇರು ಕಿತ್ರೆ ಚಳಿ ಬಿಟ್ಟಿದ್ದನ್ನ ನೀವೇ ಮುಗಿಸ್ದಂಗೆ. ಇದ್ದಲ್ಲೇ ಕಾಪಾಡಿ, ಜಾಗ ಬದಲಾಯಿಸೋದು ಮುಂಗಾರಿಗೆ. ಯೂರಿಯಾ ಗೀರಿಯಾ ಏನೂ ಹಾಕ್ಬೇಡಿ, ಎಳೆ ಚಿಗುರು ಬಂದ್ರೆ ಅದೇ ಮೊದಲು ಸುಡೋದು. ಒಣಗಿದ ಕೊಂಬೆನೂ ಕತ್ತರಿಸ್ಬೇಡಿ. ರಾತ್ರಿ ಪ್ಲಾಸ್ಟಿಕ್ ಕವರ್ ಹಾಕಿ ಸಾಕು.

ಕೆರೆಕೋಡಿ ಮೇಷ್ಟ್ರು | ಜನವರಿ 10

ಪ್ಲಾಸ್ಟಿಕ್ ಮಾತ್ರ ಬೇಡ. ಎಲೆಗೆ ತಾಗಿದ ಕಡೆ ತಣ್ಣಗಾಗಿ ಅಲ್ಲೇ ಸುಡುತ್ತೆ, ಬೆಳಗ್ಗೆ ತೆಗೆಯೋದು ಮರೆತ್ರೆ ಒಳಗೆ ಬೆಂದೇ ಹೋಗುತ್ತೆ. ಹಳೇ ಪಂಚೆ, ಸೀರೆ, ಗೋಣಿತಾಟು ಯಾವುದಾದ್ರೂ ಸರಿ, ಗೂಟದ ಮೇಲೆ ಹೊದಿಸಿ, ಅಂಚು ನೆಲಕ್ಕೆ ಮುಟ್ಟಬೇಕು. ಗಿಡಕ್ಕೆ ಬಟ್ಟೆ ಕಾವು ಕೊಡಲ್ಲ, ನೆಲದ ಕಾವು ಹೋಗದಂಗೆ ತಡೆಯುತ್ತೆ, ಅದಕ್ಕೇ ಕಾಂಡಕ್ಕೆ ಸುತ್ತಿ ಕಟ್ಟಿದ್ರೆ ಪ್ರಯೋಜನ ಇಲ್ಲ. ನೀರು ಕೊಡೋದಿದ್ರೆ ಬೆಳಗ್ಗೆ 10-11ಕ್ಕೆ ಕೊಡಿ, ಹದವಾಗಿ. ಹಸಿ ಮಣ್ಣು ಹಗಲ ಕಾವನ್ನ ಹೆಚ್ಚು ಹಿಡ್ಕೊಳ್ಳುತ್ತೆ, ಕೆಸರಾಗೋಷ್ಟು ಬೇಡ.

ಹೊಗೆ ಬಗ್ಗೆ ಯಾರೋ ಹೇಳಿದ್ರು. ಹೊಗೆಯಿಂದ ಕಾವು ನಿಲ್ಲಲ್ಲ, ಬೆಂಕಿಯ ಕಾವು ಹತ್ತಿರದ ಎರಡು ಗಿಡಕ್ಕೆ ಸಿಕ್ಕಿದ್ರೆ ಹೆಚ್ಚು.

ನರ್ಸರಿಹುಡ್ಗ | ಜನವರಿ 10

ಸರಿ ಮೇಷ್ಟ್ರೇ, ಪ್ಲಾಸ್ಟಿಕ್ ಮಾತು ವಾಪಸ್ ತಗೊಂಡೆ.

ತಪ್ಪಲತೋಟ | ಜನವರಿ 21

ಸಂಕ್ರಾಂತಿ ಮುಗಿಸ್ಕೊಂಡು ಬರೀತಿದೀನಿ. ನಾಲ್ಕು ಗೂಟ ನೆಟ್ಟು ಹೆಂಡತಿ ಎರಡು ಹಳೇ ಹತ್ತಿ ಸೀರೆ ಕೊಟ್ಳು, ದಿನಾ ಸಂಜೆ 5.30ಕ್ಕೆ ಹೊದಿಸಿ ಬೆಳಗ್ಗೆ 9ಕ್ಕೆ ತೆಗೀತಿದೀವಿ. ಮೂಡಲಿಗೆ ತೆಂಗಿನ ಗರಿ. ಒಂದು ಥರ್ಮಾಮೀಟರ್ ಸೀರೆ ಒಳಗೆ, ಒಂದು ಹೊರಗೆ ಅದೇ ಎತ್ತರಕ್ಕೆ ಇಟ್ಟೆ. 17ನೇ ತಾರೀಕು ಹೊರಗೆ 9, ಒಳಗೆ 11.5. ಮಾರನೇ ದಿನ ಹೊರಗೆ 9.5, ಒಳಗೆ 12. 19ಕ್ಕೆ ಮೋಡ ಮುಚ್ಚಿತ್ತು, ಒಳಗೂ ಹೊರಗೂ ಎರಡೂ 14! ಮೇಷ್ಟ್ರು ಹೇಳಿದ ಆಕಾಶದ ಮಾತು ಕಣ್ಣಾರೆ ನೋಡ್ದೆ. ಆದ್ರೂ ಜಾಯಿಕಾಯಿ ಎಲೆ ಉದುರೋದು ನಿಂತಿಲ್ಲ, ಇನ್ನು ಆರು ಎಲೆ ಉಳಿದಿವೆ.

ಶಿಡ್ಲಘಟ್ಟದವಳು | ಜನವರಿ 21

ಆಗಿದ್ದ ಪೆಟ್ಟಿನ ಎಲೆ ಹೇಗಿದ್ರೂ ಬೀಳುತ್ತೆ ಅಣ್ಣ. ಉಗುರಿಂದ ತೊಗಟೆ ಒಂಚೂರು ಕೆರೆದು ನೋಡಿ, ಒಳಗೆ ಹಸಿರಾಗಿ ಒದ್ದೆ ಇದ್ರೆ ಜೀವ ಇದೆ. ಮೇಲಿಂದ ಶುರು ಮಾಡಿ ಕೆಳಗೆ ಬನ್ನಿ, ಸಿಕ್ಕಾಪಟ್ಟೆ ಕಡೆ ಕೆರೀಬೇಡಿ.

ತಪ್ಪಲತೋಟ | ಜನವರಿ 22

ತುದಿ ಒಂದು ಅಡಿ ಒಣ ಕಡ್ಡಿ. ಅದ್ರ ಕೆಳಗೆ ಹಸಿರು! ಕೋಕೋ ಬುಡದ ತನಕ ಕಂದು.

ಟೆರೇಸ್ ತುಮಕೂರು | ಜನವರಿ 22

ದೇವ್ರು ದೊಡ್ಡೋನು. ಯುಗಾದಿ ತನಕ ಯಾವುದನ್ನೂ ಕೀಳ್ಬೇಡಿ ಅಣ್ಣ, ಕೋಕೋನೂ.

ಹಲಸಿನಮನೆ | ಜನವರಿ 22

ಹೂಂ. ದೀವಿಹಲಸು ಮೇಲೆ ಹೋದ್ರೂ ಬೇರಿಂದ ಮರಿ ಎಬ್ಬಿಸುತ್ತೆ. ಬುಡದ ಸುತ್ತ ಅಗೀಬೇಡಿ.

ತಪ್ಪಲತೋಟ | ಯುಗಾದಿ ಮಾರನೇ ದಿನ

ಎಲ್ರಿಗೂ ಯುಗಾದಿ ಶುಭಾಶಯ. ಲೆಕ್ಕ ಒಪ್ಪಿಸ್ತೀನಿ. ಡಿಸೆಂಬರಿಂದ ಫೆಬ್ರವರಿ ಕೊನೆ ತನಕ ತಗ್ಗಿನ ಮೂಲೆ 10 ಡಿಗ್ರಿ ಕೆಳಗೆ ಹೋಗಿದ್ದು 11 ರಾತ್ರಿ, ಕೊಟ್ಟಿಗೆ ಹತ್ರ ಒಂದು ರಾತ್ರಿನೂ ಇಲ್ಲ. ಕೋಕೋ ಹೋಯ್ತು. ಬೇರು ಸಮೇತ ಸತ್ತಿದೆ, ನಿನ್ನೆ ಕಿತ್ತೆ. ದೀವಿಹಲಸಿನ ಮೇಲಿನ ಕಾಂಡ ಒಣಗಿದೆ, ಬುಡದಿಂದ ಒಂದು ಅಡಿ ದೂರದಲ್ಲಿ ಮರಿ ಎದ್ದಿದೆ, ಮೊದಲು ಕಳೆ ಅನ್ಕೊಂಡು ಕಿತ್ತಾಕೋನಿದ್ದೆ. ತಗ್ಗಿನ ಮುರುಗಲಿಗೆ ಮತ್ತೆ ಕೆಂಪು ಚಿಗುರು ಬಂದಿದೆ, ಕೊಟ್ಟಿಗೆದು ಅದಕ್ಕಿಂತ ಒಂದು ಗೇಣು ಎತ್ತರ. ಬೆಣ್ಣೆಹಣ್ಣಿಗೆ ಮಳೆ ನೀರು ಡ್ರಮ್ಮಿಂದ ಕೊಡ್ತಿದೀನಿ, ಹೊಸ ಎಲೆ ಅಂಚು ಸುಟ್ಟಿಲ್ಲ.

ಜಾಯಿಕಾಯಿ. ಶಿವರಾತ್ರಿ ಹೊತ್ತಿಗೆ ಒಂದೇ ಎಲೆ ಉಳಿದಿತ್ತು. ನಿನ್ನೆ ಬೇವು ಬೆಲ್ಲ ಹಂಚಿ ನನ್ನ ಹೆಂಡತಿ ಹೂವು ಕೀಳೋಕೆ ಹಿತ್ತಿಲಿಗೆ ಹೋದೋಳು ಕೂಗಿದ್ಳು. ಹಸಿರು ಉಳಿದಿದ್ದ ಕಡೆ, ಎಲೆ ಬಿದ್ದ ಗುರುತಿನ ಪಕ್ಕ, ಗೋಧಿ ಕಾಳಷ್ಟು ಉದ್ದ ಮೊನೆ, ತುದಿ ಕಂದು, ಬುಡ ಎಳೆ ಹಸಿರು. ಹೀಗೆ ಮೂರು. ಪುತ್ತೂರಿಗೆ ಅವಳ ತಾಯಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ್ಳು, ಇಬ್ರೂ ಮಾತಾಡ್ದೆ ಸುಮಾರು ಹೊತ್ತು ಅದನ್ನೇ ನೋಡ್ತಿದ್ರು.

ಶಿಡ್ಲಘಟ್ಟದವಳು | ಅದೇ ದಿನ

ಓದಿ ಕಣ್ಣು ತುಂಬಿ ಬಂತು ಅಣ್ಣ. ಇಲ್ಲಿ ನನ್ನ ಕ್ಯಾಮೆಲಿಯದ ಮೊಗ್ಗು ಅರ್ಧ ಕಂದಾಗಿವೆ, ಎಲೆ ಮಾತ್ರ ಒಂದೂ ಬಿದ್ದಿಲ್ಲ.

ನರ್ಸರಿಹುಡ್ಗ | ಅದೇ ದಿನ

ಸೂಪರ್ ಅಣ್ಣ! ಒಣ ತುದಿ ಈಗ ಕತ್ತರಿಸಬೋದು, ಹಸಿರು ಶುರುವಾಗೋ ಜಾಗಕ್ಕಿಂತ ಒಂದಿಂಚು ಮೇಲೆ. ಕೋಕೋ ಇನ್ನೊಂದು ಬೇಕಂದ್ರೆ ಕೊಟ್ಟಿಗೆ ಪಕ್ಕನೇ ಹಾಕಿ, ಮುಂಗಾರಿಗೆ ನಾನೇ ಗಿಡ ತಂದ್ಕೊಡ್ತೀನಿ.

ಕೆರೆಕೋಡಿ ಮೇಷ್ಟ್ರು | ಅದೇ ದಿನ

ತುಂಬಾ ಸಂತೋಷ. 11 ರಾತ್ರಿಯ ಲೆಕ್ಕ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಮುಂದಿನ ವರ್ಷ ಇದೇ ತಾರೀಕಿಗೆ ಹೋಲಿಸೋಣ, ಒಂದು ಚಳಿಗಾಲ ಸಾಲಲ್ಲ. ಈಗ ಆ ಮೊನೆಗಳಿಗೆ ಏಪ್ರಿಲ್ ಬಿಸಿಲು ಕಾದಿದೆ, ಗರಿನ ಮೂಡಲಿಂದ ಪಡುವಲಕ್ಕೆ ಬದಲಾಯಿಸಿ. ತಡ ಮಾಡ್ಬೇಡಿ.

ತಪ್ಪಲತೋಟ | ಅದೇ ದಿನ

ಇವತ್ತು ಸಂಜೆನೇ ಬದಲಾಯಿಸಿದೆ ಮೇಷ್ಟ್ರೇ. ಸೀರೆ ಒಗೆದು ಮಡಚಿಟ್ಟಿದೀವಿ.